ಕಂಠಪಾಠವಾಗಿದ್ದ ಎಚ್ಚರಿಕೆ

ಬಾಯ್ಲರ್ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ, ಕ್ಯಾಂಟೀನಿನ ನೆತ್ತಿಯ ಮೇಲಿದ್ದ ಕೋಣೆಯಲ್ಲಿ ಕೂತು, ಇಂಗ್ಲಿಷ್ ಕೈಪಿಡಿಗಳನ್ನು ರಷ್ಯನ್ ಭಾಷೆಗೆ ತರುವವನೊಬ್ಬನಿದ್ದ. ಅವನ ನಿಜವಾದ ಹೆಸರನ್ನು ಅವನೇ ಮರೆತಿದ್ದನೋ ಏನೋ, ಎಲ್ಲರ ಬಾಯಲ್ಲೂ ಅವನು ಹೊಗೆಪಂಡಿತ. ಏನೇ ಉರಿಯಲಿ, ಉರಿದ ಮೇಲೆ ಹೊರಡುವ ಗಾಳಿಗೆ ರಷ್ಯನ್ನಿನಲ್ಲಿ ಏನನ್ನಬೇಕು ಎಂಬ ವಿಷಯದಲ್ಲಿ ಅವನ ಮುಂದೆ ಯಾರೂ ಉಸಿರೆತ್ತುತ್ತಿರಲಿಲ್ಲ. ಅಂಥವನ ಮನೆಯಲ್ಲೇ ಹೀಗಾಯಿತಲ್ಲ ಎಂದು ಆ ಕಾರ್ಖಾನೆಯವರು ಇವತ್ತಿಗೂ ಮೂಗಿನ ಮೇಲೆ ಬೆರಳಿಡುತ್ತಾರೆ. ಇಡದೆ ಇನ್ನೇನು ಮಾಡುತ್ತಾರೆ ಹೇಳಿ, ನಂಬುವ ಮಾತೇ ಅದು?

ಇಂಗ್ಲಿಷಿನವರು ಎಲ್ಲದಕ್ಕೂ ಎಕ್ಸಾಸ್ಟ್ ಗ್ಯಾಸ್ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ರಷ್ಯನ್ನಿನಲ್ಲಿ ಹಾಗೆ ನಡೆಯುವುದಿಲ್ಲ. ಎಂಜಿನ್ನಿನಿಂದ ಬಂದದ್ದಕ್ಕೆ ಒಂದು ಮಾತು, ಚಿಮಣಿಯೊಳಗೆ ಏರುವುದಕ್ಕೆ ಇನ್ನೊಂದು, ಅದೇ ಗಾಳಿ ಬಾಯ್ಲರ್ ಬಿಟ್ಟು ಹೊರಡುವಾಗ ಮತ್ತೊಂದು. ಹೊಸಬರು ಯಾರಾದರೂ ಕಾರಿನ ಹೊಗೆಯ ಪದವನ್ನು ತಂದು ಬಾಯ್ಲರಿಗೆ ಅಂಟಿಸಿದರೋ, ಪಂಡಿತನಿಗೆ ಮೈಯೆಲ್ಲ ಉರಿ.

“ಇದು ಬಾಯ್ಲರ್ ಕಣ್ರೀ, ಲಾರಿ ಅಲ್ಲ! ದಿಮವೀಯೆ ಗಾಜಿ ಅಂತ ಬರೀರಿ. ಚಿಮಣಿ ಗಾಳಿ!”

ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ, ಬಣ್ಣವೂ ಇಲ್ಲದ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಆ ಜನ ಇಟ್ಟ ಹೆಸರು ಉಗಾರ್ನಿ ಗಾಜ್. ಅದನ್ನು ಉಸಿರಾಡಿ ಮನುಷ್ಯ ಮಂಕಾಗಿ ಬೀಳುವುದಕ್ಕೇ ಅವರ ಭಾಷೆಯಲ್ಲಿ ಒಂದು ಬೇರೆ ಕ್ರಿಯಾಪದವಿದೆಯಂತೆ. ಪಂಡಿತನಿಗೆ ಅದೆಂದರೆ ಪ್ರಾಣ. ಕ್ಯಾಂಟೀನಿನಲ್ಲಿ ಪಕ್ಕ ಕೂತವರ ತಲೆ ತಿನ್ನುತ್ತಿದ್ದ. “ಎಷ್ಟು ಜನ ಸತ್ತಿರಬೇಕು ನೋಡಿ, ಅದಕ್ಕೇ ಅಂತ ಒಂದು ಪದ ಹುಟ್ಟಬೇಕಾದ್ರೆ!” ಎಂದು ಕಣ್ಣರಳಿಸಿ ಹೇಳಿ, ಸಂತೋಷದಿಂದ ಚಹಾ ಹೀರುತ್ತಿದ್ದ.

ಇನ್ನು ಅವನ ಕೆಲಸದ ರೀತಿ. ಪ್ರತಿ ಕೈಪಿಡಿಯ ಮೊದಲಿಗೆ ಎಚ್ಚರಿಕೆಯ ಪುಟಗಳಿರುತ್ತವೆ. ಗಾಳಿಕಂಡಿ ಮುಚ್ಚಬೇಡಿ, ಚಿಮಣಿ ನೋಡಿಸಿ, ವಿಷಗಾಳಿ ತಗುಲಿದ ಲಕ್ಷಣಗಳು ಇವು, ಹೀಗೆಲ್ಲ. ಬಾಯ್ಲರ್ ಬದಲಾದರೂ ಆ ಪುಟಗಳು ಬದಲಾಗುವುದಿಲ್ಲ. ಅವನ್ನು ಪಂಡಿತ ವಯಸ್ಸಿನಲ್ಲಿದ್ದಾಗ ಹಗಲೂ ಇರುಳೂ ಕೂತು, ಒಂದೊಂದು ಮಾತಿಗೂ ಒದ್ದಾಡಿ ಅನುವಾದ ಮಾಡಿದ್ದ. ಆಮೇಲೆ ಕಂಪ್ಯೂಟರ್ ಬಂತು. ಒಮ್ಮೆ ಮಾಡಿದ ವಾಕ್ಯವನ್ನು ಅದು ನೆನಪಿಟ್ಟುಕೊಂಡು, ಮುಂದಿನ ಸಲ ತಾನೇ ತುಂಬಿಕೊಡುತ್ತದೆ. ಹಸಿರು ಬಣ್ಣದಲ್ಲಿ ಸಿದ್ಧವಾಗಿ ನಿಂತ ವಾಕ್ಯವನ್ನು ಕಂಡರೆ ಒಂದು ಗುಂಡಿ ಒತ್ತುವುದು, ಮುಂದೆ ಹೋಗುವುದು. ಆ ಕಸುಬಿನವರೆಲ್ಲ ಮಾಡುವುದೇ ಹಾಗೆ. ತಾನೇ ಬರೆದದ್ದಲ್ಲವೇ, ಮತ್ತೆ ಓದುವುದೇನಿದೆ? ಹೀಗಾಗಿ ಆ ಪುಟಗಳ ಮೇಲೆ ಅವನ ಬೆರಳು ಓಡುತ್ತಿತ್ತು, ಕಣ್ಣು ನಿಲ್ಲುತ್ತಿರಲಿಲ್ಲ.

ಮನೆಯಲ್ಲಿ ಅವನೂ ಅವನ ಅಕ್ಕನೂ, ಇಬ್ಬರೇ. ಅಕ್ಕ ಹೊಲಿಗೆಯವಳು. ತಾಯಿ ತೀರಿಕೊಂಡಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಸ್ನಾನ ಮಾಡಿಸಿ, ಬೈದು, ಹೊಡೆದು, ಓದಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಮಿಷಿನ್ ಹಾಕಿಕೊಂಡು ಅಲ್ಲೇ ಮಲಗತೊಡಗಿದಳು. ಆ ಕೋಣೆಯ ಬಾಗಿಲಿಗೆ ತಾಗಿದಂತೆಯೇ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಇತ್ತು, ಗೋಡೆಯಲ್ಲಿ ಅಂಗೈಯಗಲದ ಗಾಳಿಕಂಡಿ.

ಆ ವರ್ಷ ಚಳಿ ಶುರುವಾಗುತ್ತಿದ್ದಂತೆ ಅಕ್ಕ ಹೇಳಿದಳು. “ಲೋ ಪಂಡಿತ, ಆ ತೂತಿನಿಂದ ಗಾಳಿ ಬಂದು ಬೆನ್ನು ಕೊರೀತದೆ ಕಣೋ. ಏನಾದ್ರೂ ಮಾಡು.”

ಮಾಡಿದ! ದಪ್ಪ ರಟ್ಟು ಅಳತೆಗೆ ಕತ್ತರಿಸಿ, ಸುತ್ತ ಟೇಪು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ. “ಹೆಂಗಿದೆ ನನ್ನ ಕೈಚಳಕ?” ಎಂದ. ಅಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕಳು. ಅಯ್ಯೋ ದೇವರೇ, ಗಾಳಿಕಂಡಿ ಮುಚ್ಚಬೇಡಿ ಎಂದು ಇಡೀ ಒಂದು ದೇಶಕ್ಕೆ ಬರೆದು ಕಳಿಸಿದ ಕೈ ಅದು! ಆ ಹೊತ್ತಿನಲ್ಲಿ ಅವನಿಗೆ ಒಂದಿಷ್ಟಾದರೂ ಅನುಮಾನ ಬರಬೇಡವೇ? ಬರಲಿಲ್ಲ.

ಕೆಲವು ದಿನಕ್ಕೆ ಅಕ್ಕ ಬೆಳಗ್ಗೆ ಏಳುವಾಗಲೇ ಹಣೆ ಒತ್ತಿಕೊಳ್ಳತೊಡಗಿದಳು.

“ಎದ್ದ ತಕ್ಷಣ ತಲೆ ಒಡೆದುಹೋಗ್ತದೆ ಕಣೋ.”

“ವಯಸ್ಸಾಯ್ತಲ್ಲಕ್ಕ” ಎಂದು ಇವನು ತಟ್ಟೆಯ ಕಡೆ ನೋಡುತ್ತಲೇ ಹೇಳಿದ.

“ಹೊಟ್ಟೆ ತೊಳೆಸ್ತದೆ.”

“ರಾತ್ರಿ ತಡವಾಗಿ ತಿಂದ್ರೆ ಇನ್ನೇನಾಗತ್ತೆ?”

“ವಿಚಿತ್ರ ನೋಡು, ಗುಂಡಿ ತರಕ್ಕೆ ಅಂಗಡಿಗೆ ಹೋದ್ರೆ ಹೂವಿನಂಗೆ ಹಗುರಾಗ್ತೀನಿ. ಮನೆಗೆ ಬಂದು ಕೂತ್ರೆ ಮತ್ತೆ ಅದೇ.”

“ಹಾಗಾದ್ರೆ ಅಂಗಡೀಲೇ ಇದ್ಬಿಡು” ಎಂದು ನಕ್ಕು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ.

ಗೆರೆ ಎಳೆದಂತೆ ಹೊಲಿಯುತ್ತಿದ್ದವಳು ಒಂದು ದಿನ ಅಂಗಿಗೆ ಎಡತೋಳನ್ನು ಬಲಕ್ಕೆ ಸೇರಿಸಿದಳು. ಪಂಡಿತ ಅವಳನ್ನು ಕರೆದುಕೊಂಡು ಹೋಗಿ ಹೊಸ ಕನ್ನಡಕ ಹಾಕಿಸಿದ. ತನ್ನ ಕರ್ತವ್ಯ ಮುಗಿಯಿತು ಅಂದುಕೊಂಡ. ಅವನಿಗೇನೂ ಆಗಿರಲಿಲ್ಲ, ಏಕೆಂದರೆ ಅವನದು ಬೀದಿ ಕಡೆಯ ಕೋಣೆ, ಎಂಥ ಚಳಿಯಲ್ಲೂ ಕಿಟಕಿ ತೆರೆಯದೆ ನಿದ್ದೆ ಬಾರದ ಪ್ರಾಣಿ, ಹಗಲೆಲ್ಲ ಕಚೇರಿ.

ಅಷ್ಟರಲ್ಲಿ ಕಾರ್ಖಾನೆಗೆ ಒಬ್ಬ ತಕರಾರಿನ ಗಿರಾಕಿ ಗಂಟುಬಿದ್ದ. ಅಚ್ಚಿಗೆ ಹೋಗುವ ಮೊದಲು ಕೈಪಿಡಿಯ ಪ್ರತಿಯೊಂದು ಸಾಲನ್ನೂ ಇಬ್ಬರು ಕೂತು ಗಟ್ಟಿಯಾಗಿ ಓದಿ ತಾಳೆ ನೋಡಲೇಬೇಕು ಎಂದು ಅವನ ಹಟ. ಹಳೆಯ ಕಾಲದ ಪದ್ಧತಿ ಅದು, ಕಂಪ್ಯೂಟರ್ ಬಂದ ಮೇಲೆ ಯಾರೂ ಮಾಡುತ್ತಿರಲಿಲ್ಲ. ಕರಡು ತಿದ್ದುವ ಮೇಡಂ ಇಂಗ್ಲಿಷ್ ಓದುವುದು, ಪಂಡಿತ ರಷ್ಯನ್ ಹೇಳುವುದು ಎಂದಾಯಿತು.

ಆ ದಿನ ಬೆಳಗ್ಗೆ ಅಕ್ಕ ಹಾಸಿಗೆ ಬಿಟ್ಟು ಏಳಲಿಲ್ಲ. “ಕಾಲು ಎತ್ತಿಡಕ್ಕಾಗ್ತಿಲ್ಲ ಕಣೋ. ನಿದ್ದೆ ಎಳೀತಾ ಇದೆ. ಬಾಗಿಲು ಹಾಕ್ಕೊಂಡು ಹೋಗು” ಎಂದಳು. ಇವನು ಅವಳಿಗೆ ಇನ್ನೊಂದು ಕಂಬಳಿ ಹೊದಿಸಿ, ಕೋಣೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿ, ಬಾಯ್ಲರಿನ ಉರಿಯನ್ನು ಸ್ವಲ್ಪ ಜಾಸ್ತಿ ಮಾಡಿ ಬಂದ.

ಮೇಡಂ ಎಚ್ಚರಿಕೆಯ ಪುಟಗಳಿಂದ ಓದತೊಡಗಿದರು. ಪಂಡಿತ ಹಾಳೆ ನೋಡುತ್ತಲೂ ಇರಲಿಲ್ಲ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ನೀರು ಕುಡಿದಷ್ಟು ಸುಲಭವಾಗಿ ಹೇಳುತ್ತಿದ್ದ.

“ಬೆಳಗ್ಗೆ ಏಳುವಾಗ ತಲೆನೋವು” ಎಂಬ ಸಾಲನ್ನು ಮೇಡಂ ಓದಿದರು. ಅವನು ರಷ್ಯನ್ನಿನಲ್ಲಿ ಹೇಳಿದ. “ಹೊಟ್ಟೆ ತೊಳೆಸುವುದು.” ಹೇಳಿದ. “ಕಾಲುಗಳಲ್ಲಿ ಬಲವಿಲ್ಲದಿರುವುದು, ಎಳೆಯುವಂಥ ನಿದ್ದೆ.” ಅದನ್ನೂ ಹೇಳಿದ. “ಹೊರಗೆ ಹೋದರೆ ಆರಾಮವಾಗಿ, ಮನೆಗೆ ಮರಳಿದಾಗ ಮತ್ತೆ ಕಾಣಿಸಿಕೊಳ್ಳುವುದು.”

ಅವನು ಕಣ್ಣು ತೆರೆದ. ಕುರ್ಚಿಯಲ್ಲಿ ನೆಟ್ಟಗೆ ಕೂತ.

“ಯಾಕ್ರೀ, ಮರೆತುಹೋಯ್ತಾ?” ಎಂದು ಮೇಡಂ ತಮಾಷೆ ಮಾಡಿ ತಲೆ ಎತ್ತಿದರು. ಮುಖ ನೋಡಿ ಅವರಿಗೇ ಹೆದರಿಕೆಯಾಯಿತು. ಪಂಡಿತನ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ.

“ಅಕ್ಕ” ಎಂದ. ಮತ್ತೆ “ಅಕ್ಕ” ಎಂದ. ಆಮೇಲೆ ಇದ್ದಕ್ಕಿದ್ದಂತೆ ಕಿರುಚಿದ. “ನಾನೇ ಮುಚ್ಚಿದೆ! ಗಾಳಿಕಂಡಿ ನಾನೇ ಮುಚ್ಚಿದೆ ಮೇಡಂ! ಅಕ್ಕ ಒಳಗಿದಾಳೆ!”

ಮನೆಗೆ ಫೋನ್ ಮಾಡಿದ. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆಯುತ್ತಲೇ ಇತ್ತು. ಮೇಡಂ ಅವನ ಕೈಯಿಂದ ಫೋನ್ ಕಿತ್ತುಕೊಂಡು, “ಆಂಬುಲೆನ್ಸಿಗೆ ನಾನು ಹೇಳ್ತೀನಿ. ಓಡ್ರೀ ನೀವು, ಓಡ್ರೀ!” ಎಂದು ಬೆನ್ನಿಗೆ ಕೈಹಚ್ಚಿ ದಬ್ಬಿದರು.

ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಇತ್ತು, ಆದರೂ ಆ ದಾರಿ ಮುಗಿಯಲೊಲ್ಲದು. ಯಾರಿಗೋ ಡಿಕ್ಕಿ ಹೊಡೆದ, ಯಾರೋ ಬೈದರು, ಒಂದು ಚಪ್ಪಲಿ ಎಲ್ಲೋ ಬಿತ್ತು. ಬೀಗಕ್ಕೆ ಮೊದಲು ಬೇರೆ ಯಾವುದೋ ಕೀಲಿಕೈ ತುರುಕಿದ. ಒಳಗೆ ಬೆಚ್ಚಗಿತ್ತು. ಯಾವ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ, ಎಲ್ಲ ಎಂದಿನಂತೆ ಚೊಕ್ಕಟ. ಅಕ್ಕ ಕೋಣೆಯ ಹೊಸ್ತಿಲ ಮೇಲೆ ಬೋರಲು ಬಿದ್ದಿದ್ದಳು, ಒಂದು ಕೈ ಮುಂದಕ್ಕೆ ಚಾಚಿತ್ತು. ಫೋನ್ ಎತ್ತಲು ಹೊರಟಿದ್ದಳೋ, ಬಾಗಿಲ ಕಡೆಗೋ, ಯಾರು ಬಲ್ಲರು. ಬಾಯ್ಲರ್ ಆರಿಸಿ, ಕಿಟಕಿಗಳನ್ನೆಲ್ಲ ಬಡಿದು ತೆರೆದು, ಅವಳ ಕಂಕುಳಿಗೆ ಕೈಹಾಕಿ ಬೀದಿಯವರೆಗೆ ದರದರ ಎಳೆದ. ಬರಿ ನೆಲದ ಮೇಲೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಅಕ್ಕಾ, ಉಸಿರು ಎಳಿ. ನನ್ನ ಬಯ್ಯಕ್ಕ, ಏನಾದ್ರೂ ಬಯ್ಯಿ” ಎಂದು ಗೋಗರೆಯುತ್ತಿದ್ದ.

ಉಸಿರು ಸಣ್ಣಗೆ ಇತ್ತು. ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿ ಮಲಗಿಸಿದರು. ಸಂಜೆಯೊಳಗೆ ಅಕ್ಕ ಕಣ್ಣು ಬಿಟ್ಟಳು. ಇನ್ನು ಜೀವಕ್ಕೆ ಭಯವಿಲ್ಲ, ಆದರೆ ಕೈಯ ಹಿಡಿತ, ನೆನಪು ಎಲ್ಲ ಮೊದಲಿನಂತಾಗುವುದೋ ಇಲ್ಲವೋ ಕಾದು ನೋಡಬೇಕು ಎಂದರು. ಪಂಡಿತ ಮಂಚದ ಕಾಲ ಬದಿಯ ಕಂಬಿ ಹಿಡಿದು ಗರಬಡಿದವನ ಹಾಗೆ ನಿಂತೇ ಇದ್ದ. ಕೂರಿ ಎಂದು ನರ್ಸ್ ಹೇಳಿದರೂ ಕೂರಲಿಲ್ಲ.

ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರಮ್ಮ ಬಂದು ಮಾಸ್ಕ್ ಸ್ವಲ್ಪ ಸರಿಸಿ ಮೆಲ್ಲಗೆ ಕೇಳಿದಳು. “ಇದು ಒಂದೇ ದಿನದಲ್ಲಿ ಆಗೋದಲ್ಲಮ್ಮ. ಮೊದಲೇ ತಲೆನೋವು, ಸುಸ್ತು ಇದ್ದಿರ್ಬೇಕಲ್ಲ?”

“ಇತ್ತಮ್ಮ.”

“ಮನೇಲಿ ಯಾರಿಗೂ ಹೇಳ್ಲಿಲ್ವಾ?”

ಅಕ್ಕ ಕಣ್ಣು ಹೊರಳಿಸಿ ತಮ್ಮನನ್ನು ನೋಡಿದಳು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದನೆಂದು ಇವನ ಅಂಗೈ ಕೆಂಪಾಗುವಂತೆ ಬಾರಿಸಿದ್ದ ಹೆಂಗಸು ಅವಳು.

“ಇಲ್ಲಮ್ಮ” ಎಂದಳು. “ನಾನೇ ಯಾರಿಗೂ ಹೇಳ್ಲಿಲ್ಲ. ಅವನಿಗೆ ಹೆಂಗೆ ಗೊತ್ತಾಗ್ಬೇಕು ಪಾಪ?”

ಡಾಕ್ಟರಮ್ಮ ತಲೆಯಾಡಿಸಿ ಹೊರಡಲು ತಿರುಗಿದಳು. ಪಂಡಿತ ಅಡ್ಡ ಬಂದು ನಿಂತ.

“ಸುಳ್ಳು ಡಾಕ್ಟ್ರೇ. ಹೇಳಿದಾಳೆ.”

“ಸುಮ್ನಿರೋ” ಎಂದಳು ಅಕ್ಕ, ಇದ್ದ ಬಲವನ್ನೆಲ್ಲ ಕೂಡಿಸಿಕೊಂಡು.

“ದಿನಾ ಹೇಳಿದಾಳೆ. ಒಂದೂ ಬಿಡದೆ ಎಲ್ಲಾ ಹೇಳಿದಾಳೆ, ನಮ್ಮ ಮನೆ ಮಾತಲ್ಲೇ, ನನ್ನ ಎದುರಿಗೇ ಕೂತು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.”