ಶನಿವಾರ ಸಂಜೆ ಬಿಚ್ಚುವ ಬಲೆ

ಲೂಯಿಸ್ ದ್ವೀಪದ ಗ್ರಿಯಾಬೋಸ್ಟ್ ಎಂಬ ಊರಿನಲ್ಲಿ ಶನಿವಾರದ ಫುಟ್‌ಬಾಲ್ ಆಟ ಮುಗಿದೊಡನೆ ಆಡಿದವರೂ ನೋಡಿದವರೂ ಚಹಾ ಕುಡಿಯಲು ತಗಡಿನ ಶೆಡ್ಡಿಗೆ ನುಗ್ಗುತ್ತಿದ್ದರು. ಟೋರ್ಮೊಡ್ ಮಾತ್ರ ಗೋಲಿನ ಕಡೆಗೆ ನಡೆಯುತ್ತಿದ್ದ. ಎರಡೂ ಗೋಲುಗಳ ಬಲೆಯನ್ನು ಗಂಟು ಗಂಟಾಗಿ ಬಿಚ್ಚಿ, ಮರಳು ಕೊಡವಿ, ಹೊಸ ಬಟ್ಟೆಯ ತಾನಿನಂತೆ ಸುತ್ತಿ, ಹೆಗಲಿಗೇರಿಸಿಕೊಂಡು ಮನೆಗೆ ಒಯ್ಯುತ್ತಿದ್ದ. ಮರುದಿನ ಭಾನುವಾರ, ಸಬ್ಬತ್ತು; ಯಾರೂ ಯಾವ ಕೆಲಸಕ್ಕೂ ಕೈ ಹಚ್ಚದ ದಿನ. ಆ ದಿನ ಊರಿನ ಯಾವ ಹಗ್ಗದ ಮೇಲೂ ಒಂದು ಕಾಲುಚೀಲ ಕೂಡ ಒಣಗುತ್ತಿರಲಿಲ್ಲ. ಹಾಗಿರುವಾಗ ಚರ್ಚಿಗೆ ಹೋಗುವ ದಾರಿಯ ಪಕ್ಕದಲ್ಲೇ ಗೋಲಿನ ಬಲೆ ಗಾಳಿಗೆ ಹಾರಾಡುತ್ತಿದ್ದರೆ ಚೆನ್ನಾಗಿರುತ್ತದೆಯೇ? ಬಿಚ್ಚು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಮೈದಾನಕ್ಕೆ ಮೊದಲ ಸಲ ಬಲೆ ಬಂದ ವಾರ ಅವನೇ ಬಿಚ್ಚಿದ. ಅಂದಿನಿಂದ ಅದು ಅವನ ಕೆಲಸವೇ ಆಗಿಹೋಯಿತು.

ಊರಿನಲ್ಲಿ ಟೋರ್ಮೊಡ್ ಎಂಬ ಹೆಸರಿನವರು ಹಲವರಿದ್ದರು. ಅಂಚೆಯ ಟೋರ್ಮೊಡ್, ಕೆಂಪುಗೂದಲಿನ ಟೋರ್ಮೊಡ್, ಸುಮ್ಮನೆ ಉದ್ದ ಟೋರ್ಮೊಡ್. ಇವನು ಗೋಲಿನ ಟೋರ್ಮೊಡ್. ಹರೆಯದಲ್ಲಿ ಊರಿನ ತಂಡಕ್ಕೆ ಗೋಲು ಕಾದವನು; ಮೊಣಕಾಲು ಕೈಕೊಟ್ಟ ಮೇಲೆ ಗೆರೆಗೆ ಸುಣ್ಣ ಎಳೆಯುವುದು, ಬಲೆ ಕಟ್ಟುವುದು, ಹರಿದ ಬಲೆಗೆ ಹೊಸ ಗಂಟು ಹಾಕುವುದು ಇವೆಲ್ಲ ಅವನ ಪಾಲಿಗೆ ಬಂದವು. ಕಸುಬಿನಲ್ಲಿ ಅವನು ನೇಕಾರ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅವನ ಮಗ್ಗವಿತ್ತು. ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಅದರ ಸದ್ದು ರಸ್ತೆಗೆ ಕೇಳುತ್ತಿತ್ತು. ಮಗ್ಗದ ಮುಂದೆಯೂ ಒಬ್ಬನೇ, ಗೋಲಿನ ಮುಂದೆಯೂ ಒಬ್ಬನೇ. ಮಾತು ಅವನಿಗೆ ರೂಢಿಯಾಗದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಭಾನುವಾರ ಅವನು ಚರ್ಚು ತಪ್ಪಿಸಿದವನಲ್ಲ. ಬೆಳಗ್ಗೆಯೂ ಹೋಗುತ್ತಿದ್ದ, ಸಂಜೆಯೂ ಹೋಗುತ್ತಿದ್ದ. ಶನಿವಾರ ಕತ್ತಲಾಗುವ ಮೊದಲೇ ಒಲೆಯಲ್ಲಿ ಸೌದೆಯಂತೆ ಉರಿಸುವ ಒಣ ಜವುಗುಮಣ್ಣಿನ ಹೆಂಟೆಗಳನ್ನು ಒಳಗೆ ತಂದಿಟ್ಟು, ಆಲೂಗಡ್ಡೆ ಸುಲಿದು ನೀರಿನಲ್ಲಿ ಹಾಕಿ, ಬೂಟಿಗೆ ಪಾಲಿಶ್ ಹಚ್ಚಿಡುತ್ತಿದ್ದ. ಅವನ ಹೆಂಡತಿ ಇಷ್ಬೆಲ್, ಮಣ್ಣಾದ ಅವನ ಆಟದ ಅಂಗಿಯನ್ನು ಒಗೆದು ಹಗ್ಗಕ್ಕೆ ಹಾಕಿ, ಒಣಗಿರಲಿ ಬಿಡಲಿ, ಸೂರ್ಯ ಸಮುದ್ರಕ್ಕಿಳಿಯುವ ಮೊದಲು ಒಳಗೆ ತೆಗೆದಿಡುತ್ತಿದ್ದಳು.

ವರ್ಷಕ್ಕೆರಡು ಸಲ, ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ಕರ್ತನ ಭೋಜನದ ವಾರ ಬರುತ್ತಿತ್ತು. ಗುರುವಾರದಿಂದ ಸೋಮವಾರದವರೆಗೆ ಆರಾಧನೆ ನಡೆಯುತ್ತಿತ್ತು. ಪಕ್ಕದೂರುಗಳಿಂದ ಬಂದ ನೆಂಟರು ಮನೆಮನೆಯಲ್ಲೂ ತುಂಬಿರುತ್ತಿದ್ದರು. ಭಾನುವಾರ ಚರ್ಚಿನ ಮುಂದಿನ ಸಾಲುಗಳಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು; ಅದೇ ಕರ್ತನ ಮೇಜು, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಜಾಗ. ಚರ್ಚಿನ ಸಭೆಯ ಹಿರಿಯರ ಮುಂದೆ ತಮ್ಮ ನಂಬಿಕೆಯನ್ನು ಹೇಳಿಕೊಂಡು, ಶನಿವಾರ ಅವರ ಕೈಯಿಂದ ಸೀಸದ ಪುಟ್ಟ ಬಿಲ್ಲೆಯೊಂದನ್ನು ಪಡೆದವರು ಮಾತ್ರ ಆ ಸಾಲಿಗೆ ಹೋಗಬಹುದು. ಉಳಿದವರು, ಎಂದರೆ ಊರಿನ ಮುಕ್ಕಾಲು ಪಾಲು ಜನ, ಹಿಂದೆ ಕುಳಿತು ನೋಡುವವರು. ಅದರಲ್ಲಿ ಅವಮಾನವೇನೂ ಇರಲಿಲ್ಲ. ತಾನಿನ್ನೂ ಯೋಗ್ಯನಾಗಿಲ್ಲ ಎಂದುಕೊಂಡು ಹಿಂದೆ ಕುಳಿತೇ ಮುದುಕರಾಗಿ ಮಣ್ಣು ಸೇರಿದವರು ಎಷ್ಟೋ ಮಂದಿ.

ಇಷ್ಬೆಲ್ ಮದುವೆಯಾದ ಕೆಲವೇ ವರ್ಷಗಳಲ್ಲಿ ಬಿಲ್ಲೆ ಪಡೆದಳು. ಅಂದಿನಿಂದ ಆ ಎರಡು ಭಾನುವಾರಗಳಂದು ಅವಳು ಎದ್ದು ಮುಂದಕ್ಕೆ ಹೋಗುತ್ತಿದ್ದಳು. ಅವನು ಮಹಡಿಯ ಮೆಟ್ಟಿಲ ಕೆಳಗಿನ ಕೊನೆಯ ಬೆಂಚಿನಲ್ಲಿ ಉಳಿಯುತ್ತಿದ್ದ. ಏಳುವ ಮೊದಲು ಅವಳು ಕೈಚೀಲದಿಂದ ಬಿಳಿ ಪೆಪ್ಪರ್‌ಮಿಂಟೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟು ಹೋಗುತ್ತಿದ್ದಳು. ಅದು ಬಾಯಲ್ಲಿ ಕರಗುವವರೆಗೂ ಅವನು ಅವಳ ಕಪ್ಪು ಹ್ಯಾಟಿನ ಹಿಂಭಾಗವನ್ನು ನೋಡುತ್ತ ಕುಳಿತಿರುತ್ತಿದ್ದ. ನೀನೂ ಬಾ ಎಂದು ಅವಳು ಒಮ್ಮೆಯೂ ಕರೆಯಲಿಲ್ಲ. ಆತ್ಮದ ವಿಷಯದಲ್ಲಿ ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟುವುದು ಆ ಊರಿನಲ್ಲಿ ಇರಲಿಲ್ಲ. ಗಂಡಹೆಂಡಿರ ನಡುವೆಯೂ ಇರಲಿಲ್ಲ.

ಅವನು ಏಕೆ ಹೋಗಲಿಲ್ಲ ಎಂಬುದಕ್ಕೆ ಕಾರಣವಿತ್ತು. ಆ ಕಾರಣದ ಹೆಸರು ರೂವರಿ.

ರೂವರಿ ಅವನ ಓರಗೆಯವನು. ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುತ್ತಿದ್ದವನು. ಅವನಂತಹ ಆಟಗಾರ ಲೂಯಿಸ್ ದ್ವೀಪದ ಪಶ್ಚಿಮ ದಂಡೆಯಲ್ಲೇ ಇರಲಿಲ್ಲವೆಂದು ಈಗಲೂ ಹೇಳುತ್ತಾರೆ. ಒಂದು ಸೆಪ್ಟೆಂಬರಿನಲ್ಲಿ ದೇವರ ಕರೆ ಬಂದು ರೂವರಿ ಬಿಲ್ಲೆ ಪಡೆದ. ಆ ಸೋಮವಾರವೇ ತನ್ನ ಆಟದ ಬೂಟುಗಳನ್ನು ತಂದು ಟೋರ್ಮೊಡ್‌ನ ಕೈಗೆ ಕೊಟ್ಟು, ಮತ್ತೆ ಮೈದಾನದ ಗೆರೆ ದಾಟಲಿಲ್ಲ. ಏಕೆಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಮೇಜಿಗೆ ಹೋಗುವವನು ಚೆಂಡು ಬಿಡಬೇಕು ಎಂದು ಟೋರ್ಮೊಡ್ ತನ್ನಷ್ಟಕ್ಕೆ ತಾನೇ ತಿಳಿದುಕೊಂಡ. ಬಿಡಲು ಅವನಿಂದಾಗಲಿಲ್ಲ. ವಾರವೆಲ್ಲ ಮಗ್ಗದ ಮುಂದೆ ಕುಳಿತವನಿಗೆ ನಾಲ್ಕು ಜನರ ನಗು, ಕೂಗು ಕೇಳುತ್ತಿದ್ದುದು ಶನಿವಾರ ಮಾತ್ರ. ಬಿಡುತ್ತೇನೆಂದು ದೇವರಿಗೆ ಸುಳ್ಳು ಹೇಳಿ ಬಿಲ್ಲೆ ಪಡೆಯುವುದಕ್ಕಿಂತ ಹಿಂದಿನ ಬೆಂಚೇ ವಾಸಿ ಎಂದು ಅಲ್ಲಿಯೇ ಉಳಿದ.

ರೂವರಿ ಮುಂದೆ ಸಭೆಯ ಹಿರಿಯನಾದ. ಆದರೂ ಪ್ರತಿ ಶನಿವಾರ ಆಟದ ಹೊತ್ತಿಗೆ ಅವನ ವ್ಯಾನು ಮೇಲಿನ ರಸ್ತೆಯ ತಿರುವಿನಲ್ಲಿ ನಿಂತಿರುತ್ತಿತ್ತು. ಕೇಳಿದರೆ, ಕುರಿ ನೋಡಲು ಬಂದೆ ಎನ್ನುತ್ತಿದ್ದ. ಆ ಇಳಿಜಾರಿನಲ್ಲಿ ಕುರಿಗಳು ಇರುತ್ತಿದ್ದುದೇನೋ ನಿಜ; ಅವು ರೂವರಿಯವಲ್ಲ.

ಇಷ್ಬೆಲ್ ಒಂದು ಚಳಿಗಾಲದಲ್ಲಿ ತೀರಿಕೊಂಡಳು. ಅದರ ಬೆನ್ನಿಗೇ ಬಂದ ಮಾರ್ಚಿನ ಭೋಜನದ ವಾರದಲ್ಲಿ ಟೋರ್ಮೊಡ್‌ನ ಮನೆಗೆ ನೆಂಟರು ಬರಲಿಲ್ಲ. ಒಂಟಿ ಗಂಡಸಿಗೆ ತೊಂದರೆ ಕೊಡಬಾರದೆಂದು ಅವರೆಲ್ಲ ಬೇರೆ ಮನೆಗಳಲ್ಲಿ ಇಳಿದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದರು. ಅವನು ಅವಳ ದೊಡ್ಡ ಸೂಪಿನ ಪಾತ್ರೆಯನ್ನು ಕೆಳಗಿಳಿಸಿ, ತೊಳೆದು, ಮತ್ತೆ ಮೇಲಿಟ್ಟ. ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತಾಗ ನೋಡಲು ಹ್ಯಾಟೂ ಇರಲಿಲ್ಲ, ಅಂಗೈಯಲ್ಲಿ ಪೆಪ್ಪರ್‌ಮಿಂಟೂ ಇರಲಿಲ್ಲ. ಆ ಬಿಳಿ ಬಟ್ಟೆಯ ಸಾಲಿಗೆ ಹೋಗಿ ಅವಳು ಕುಳಿತಿದ್ದಲ್ಲಿ ಒಂದು ಸಲವಾದರೂ ಕುಳಿತುಕೊಳ್ಳಬೇಕು ಎಂಬ ಆಸೆ ಅಂದು ಹುಟ್ಟಿ, ಬೇಸಿಗೆಯೆಲ್ಲ ಬೆಳೆಯಿತು.

ಸೆಪ್ಟೆಂಬರಿನ ಭೋಜನದ ವಾರ ಬಂದಾಗ, ಹಿಂದೆ ಮಳೆಯಿಂದ ನಿಂತುಹೋಗಿದ್ದ ಕಪ್ ಪಂದ್ಯವೊಂದನ್ನು ಆ ಶನಿವಾರ ಮಧ್ಯಾಹ್ನಕ್ಕೆ ಇಟ್ಟರು. ಹಿಂದಿನವರಾಗಿದ್ದರೆ ಭೋಜನದ ಶನಿವಾರ ಆಟವಿಡುತ್ತಿರಲಿಲ್ಲ. ಈಗಿನ ಹುಡುಗರಿಗೆ ಅದು ಹೊಳೆಯಲಿಲ್ಲ. ಟೋರ್ಮೊಡ್ ಬೆಳಗ್ಗೆ ಎಂದಿನಂತೆ ಬಲೆ ಕಟ್ಟಿ, ಮನೆಗೆ ಹೋಗಿ, ಕಪ್ಪು ಸೂಟು ಹಾಕಿಕೊಂಡು ಬಂದ. ಅದನ್ನು ಕಂಡು ತಂಡಕ್ಕೆ ಈಗ ಗೋಲು ಕಾಯುವ ಫಿನ್ಲೆ, "ಏನಜ್ಜ, ನಮ್ಮನ್ನ ಹೂಳೋಕೆ ಈಗಲೇ ರೆಡಿಯಾಗಿ ಬಂದ್ಯಾ? ಇನ್ನೂ ಆಟಾನೇ ಶುರುವಾಗಿಲ್ಲ" ಎಂದ. ಟೋರ್ಮೊಡ್ ನಕ್ಕು, ತಾನಿಂದು ಆಟಕ್ಕೆ ನಿಲ್ಲುವುದಿಲ್ಲ ಎಂದಷ್ಟೇ ಹೇಳಿ ಚರ್ಚಿನ ದಾರಿ ಹಿಡಿದ.

ಆರಾಧನೆಯ ಬಳಿಕ ಹಿರಿಯರು ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಸಭಾಪಾಲಕರು ಸ್ಕೈ ದ್ವೀಪದಿಂದ ಬಂದ ಚಿಕ್ಕ ವಯಸ್ಸಿನವರು. ಅವರು ಕೇಳಿದ ಪ್ರಶ್ನೆಗಳಿಗೆ ಟೋರ್ಮೊಡ್ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ಆ ಒಂದೊಂದು ಮಾತಿಗೂ ಹಿರಿಯರು ತಲೆದೂಗಿದರು. ಬೇರೇನಾದರೂ ಹೇಳುವುದಿದೆಯೇ ಎಂದು ಸಭಾಪಾಲಕರು ಕೊನೆಯಲ್ಲಿ ಕೇಳಿದಾಗ ಅವನು ಎದ್ದು ನಿಂತ.

"ಚೆಂಡಿನ ವಿಷಯ ಒಂದಿದೆ, ಅಯ್ಯನವರೇ. ಅದನ್ನ ಬಿಡ್ತೀನಿ ಅಂತ ನನ್ನ ಕೈಲಿ ಹೇಳೋಕಾಗಲ್ಲ. ಮೊದಲೇ ಹೇಳಿಬಿಡೋಣ ಅಂತ."

"ಬಿಡಬೇಕು ಅಂತ ನಿಮಗೆ ಯಾರು ಹೇಳಿದ್ರು?"

ಟೋರ್ಮೊಡ್ ಯೋಚಿಸಿದ. "ಯಾರೂ ಹೇಳಿಲ್ಲ. ರೂವರಿ ಬಿಟ್ನಲ್ಲ."

ಎಲ್ಲರೂ ರೂವರಿಯ ಕಡೆ ನೋಡಿದರು. ರೂವರಿ ತನ್ನ ಬೂಟಿನ ತುದಿಯನ್ನು ನೋಡುತ್ತ, "ನಾನು ಬಿಟ್ಟಿದ್ದು ನನ್ನ ಬಾಯಿಂದಾಗಿ" ಎಂದ. "ಶನಿವಾರ ರೆಫ್ರಿಗೆ ಅಂಥಾ ಮಾತು ಬೈದು, ಭಾನುವಾರ ಅದೇ ಬಾಯಲ್ಲಿ ಕೀರ್ತನೆ ಹಾಡೋದು ನನಗೆ ಆಗಲಿಲ್ಲ. ಚೆಂಡು ಏನು ಮಾಡಿತ್ತು ಪಾಪ? ನೀನು ಗೋಲಲ್ಲಿ ನಿಂತು ಒಂದು ಮಾತು ಆಡಿದೋನಲ್ಲ. ನಿನಗ್ಯಾಕೋ ಬೇಕಿತ್ತು ಬಿಡೋದು?"

"ಹಾಗಾದ್ರೆ ಇಷ್ಬೆಲ್ ಇದ್ದಾಗಲೇ…" ಎಂದ ಟೋರ್ಮೊಡ್. ಹಿರಿಯರು ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಸಭಾಪಾಲಕರು ಬಿಲ್ಲೆಯನ್ನು ತಾವೇ ಎದ್ದು ತಂದು ಅವನ ಅಂಗೈಯಲ್ಲಿಟ್ಟರು.

ಅವನು ಯಾವ ದಾರಿಯಿಂದ ಮನೆ ಸೇರಿದನೋ ಅವನಿಗೇ ತಿಳಿಯದು. ಸೂಟು ಕಳಚದೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತ. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ, ಅಷ್ಟೂ ವರ್ಷ ಅವಳ ಪಕ್ಕದಲ್ಲಿ ಕುಳಿತಿರಬಹುದಾಗಿತ್ತು. ಆಲೂಗಡ್ಡೆ ಸುಲಿಯುವ ಹೊತ್ತು ಮೀರಿತು, ಒಲೆ ಆರಿತು, ಅವನು ಏಳಲಿಲ್ಲ. ಅತ್ತ ಆಟ ಮುಗಿಸಿದ ಹುಡುಗರು ಬಲೆಯ ಚಿಂತೆ ಮಾಡದೆ ಮನೆಗೆ ಹೋದರು. ಬಲೆ ಬಿಚ್ಚುವವನು ಎಂದೂ ಇದ್ದೇ ಇದ್ದನಲ್ಲ!

ಭಾನುವಾರ ಬೆಳಗ್ಗೆ ಬಿಸಿಲೂ ಗಾಳಿಯೂ ಸೇರಿ ಬಂದಿದ್ದವು. ತಿರುವು ದಾಟಿದ ಟೋರ್ಮೊಡ್‌ಗೆ ಹಸಿರಿನ ಮೇಲೆ ಎರಡೂ ಗೋಲುಗಳ ಬಿಳಿ ಬಲೆ ಹೊಟ್ಟೆ ಉಬ್ಬಿಸಿಕೊಂಡು ತೂಗಾಡುವುದು ಕಂಡಿತು. ಪಕ್ಕದೂರಿನವರೂ ಸೇರಿ ಇಡೀ ಸಭೆ ಅದರೆದುರು ನಡೆದು ಹೋಗುತ್ತಿತ್ತು. ಹೆಂಗಸರು ಅತ್ತ ನೋಡಿ ಮುಂದೆ ನಡೆದರು. ಬಿಚ್ಚೋಣವೆಂದರೆ ಅದು ಕೆಲಸ. ಸಬ್ಬತ್ತಿನಲ್ಲಿ ಗಂಟಿಗೆ ಕೈ ಹಚ್ಚುವಂತಿಲ್ಲ. ಅವನು ರಸ್ತೆಯ ಪಕ್ಕಕ್ಕೆ ಸರಿದು ನಿಂತುಬಿಟ್ಟ. ಜನರೆಲ್ಲ ಮುಂದೆ ಹೋದ ಮೇಲೆ ರೂವರಿ ಬಂದು ಅವನ ಪಕ್ಕದಲ್ಲಿ ನಿಂತ.

"ಬಲೆ" ಎಂದ ಟೋರ್ಮೊಡ್.

"ನೋಡಿದೆ."

"ಒಂದು ಶನಿವಾರಾನೂ ಮರೆತೋನಲ್ಲ ನಾನು. ಮರೆತಿದ್ದು ನಿನ್ನೆ." ಅವನು ಕೋಟಿನ ಜೇಬಿನಿಂದ ಬಿಲ್ಲೆ ತೆಗೆದು ಚಾಚಿದ. "ಇದನ್ನ ವಾಪಸ್ ತಗೋ ರೂವರಿ. ಊರಿಗೆಲ್ಲ ಗೋಲು ತೋರಿಸ್ಕೊಂಡು ಮೇಜಿಗೆ ಹೋಗೋಕೆ ನನಗೆ ಮುಖ ಇಲ್ಲ."

ರೂವರಿ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. "ಸಬ್ಬತ್ತಿನ ದಿನ ನಾನು ದಾರೀಲಿ ನಿಂತು ಕೊಡೋ ತಗೊಳ್ಳೋ ವ್ಯವಹಾರ ಮಾಡಲ್ಲ ಮಾರಾಯ. ಬಿಲ್ಲೆ ಇಸ್ಕೊಳ್ಳೋದು ಮೇಜಿನ ಹತ್ತಿರ. ಕೊಡೋದಿದ್ರೆ ಅಲ್ಲಿಗೆ ತಂದು ಕೊಡು."

ಇಬ್ಬರೂ ಬಲೆಯನ್ನು ನೋಡುತ್ತ ನಿಂತರು. ಆಮೇಲೆ ರೂವರಿ ದನಿ ತಗ್ಗಿಸಿ ಹೇಳಿದ: "ನಿನ್ನೆ ಸಂಜೆ ವ್ಯಾನಿಂದ ನಾನೂ ನೋಡಿದ್ದೆ. ನೀನು ಬರಲಿಲ್ಲ. ಇಳಿದು ಹೋಗಿ ಬಿಚ್ಚಿದ್ರೆ ಆಗ್ತಿತ್ತು. ಗೆರೆವರೆಗೂ ಹೋದೆ ಕಣೋ. ದಾಟೋಕೆ ಭಯ ಆಯ್ತು. ಒಳಗೆ ಹೋದ್ರೆ ಈಚೆಗೆ ಬರ್ತೀನೋ ಇಲ್ವೋ ಅಂತ."

ಟೋರ್ಮೊಡ್ ಅವನ ಮುಖ ನೋಡಿದ. ಅಷ್ಟು ವರ್ಷಗಳಲ್ಲಿ ಇಬ್ಬರ ನಡುವೆ ನಡೆದ ಅತಿ ದೊಡ್ಡ ಮಾತುಕತೆ ಅದೇ ಇರಬೇಕು. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವನು ಚರ್ಚಿನ ಕಡೆ ಹೆಜ್ಜೆ ಹಾಕಿದ.

ಮೊದಲು ಹಿಂದಿನ ಬೆಂಚಿನಲ್ಲೇ ಕುಳಿತ. ಮೇಜಿಗೆ ಬರುವವರು ಬರಬಹುದೆಂದು ಸಭಾಪಾಲಕರು ಕರೆದರು. ಕೀರ್ತನೆ ಹೇಳಿಕೊಡುವವನು ಒಂದು ಸಾಲನ್ನು ಎಳೆದು ಹಾಡಿದ. ಇಡೀ ಸಭೆ ಅದನ್ನು ನಿಧಾನವಾಗಿ, ಅಲೆಯ ಮೇಲೆ ಅಲೆಯಂತೆ ಎತ್ತಿಕೊಂಡಿತು. ಬಿಲ್ಲೆಯವರು ಒಬ್ಬೊಬ್ಬರಾಗಿ ಎದ್ದರು. ಕೊನೆಯಲ್ಲಿ ಮೆಟ್ಟಿಲ ಕೆಳಗಿನ ಬೆಂಚು ಕಿರುಗುಟ್ಟಿತು. ಯಾರೂ ತಿರುಗಿ ನೋಡಲಿಲ್ಲ; ಆದರೆ ಅವನು ಹಾದುಹೋದಂತೆಲ್ಲ ಆಚೀಚೆ ಬೆಂಚಿನವರ ಹಾಡು ಕ್ಷಣಹೊತ್ತು ತಡೆದು ಮತ್ತೆ ಮುಂದುವರಿಯಿತು. ಸಾಲಿನ ಬಾಯಲ್ಲಿ ರೂವರಿ ಕೈ ಚಾಚಿ ನಿಂತಿದ್ದ. ಟೋರ್ಮೊಡ್ ಅವನ ಅಂಗೈಯಲ್ಲಿ ಬಿಲ್ಲೆಯಿಟ್ಟ. ಮುಷ್ಟಿಯ ಬೆವರಿಗೆ ಅದು ಬೆಚ್ಚಗಾಗಿತ್ತು.

ಇಷ್ಬೆಲ್ ಕುಳಿತುಕೊಳ್ಳುತ್ತಿದ್ದ ಜಾಗದ ಪಕ್ಕದ ಮುದುಕಿ ತುಸು ಸರಿದಳು. ಅವನು ಕುಳಿತ. ರೊಟ್ಟಿ ಬಂತು, ಪಾತ್ರೆ ಬಂತು. ತೆಗೆದುಕೊಂಡು ಪಕ್ಕಕ್ಕೆ ದಾಟಿಸಿದ. ಅಲ್ಲಿ ಕುಳಿತಾಗ ಅವನಿಗೊಂದು ಸಂಗತಿ ತಿಳಿಯಿತು. ಆ ಸಾಲಿನಿಂದ ಮೆಟ್ಟಿಲ ಕೆಳಗಿನ ಬೆಂಚು ಕಾಣುವುದಿಲ್ಲ. ಕತ್ತು ಪೂರ್ತಿ ತಿರುಗಿಸಿದರೆ ಮಾತ್ರ ಕಂಡೀತು; ಮೇಜಿನಲ್ಲಿ ಕುಳಿತವರು ಕತ್ತು ತಿರುಗಿಸುವುದಿಲ್ಲ. ಅವನಿಗಾದರೂ ನೋಡಲು ಅವಳ ಹ್ಯಾಟಿತ್ತು. ಅವಳ ಕಣ್ಣ ಮುಂದೆ ಇದ್ದುದು ಬರೀ ಗೋಡೆ. ಬಾಯಲ್ಲಿ ಇನ್ನೂ ರೊಟ್ಟಿಯ ರುಚಿಯಿತ್ತು. ಅವನು ಬಿಳಿ ಬಟ್ಟೆಯ ಮೇಲೆ ಎರಡೂ ಕೈಗಳನ್ನು ಊರಿ, ಆ ಗೋಡೆಯನ್ನು ಕಡೆಯವರೆಗೂ ನೋಡಿದ.

ಸೋಮವಾರ, ಸ್ತೋತ್ರದ ಆರಾಧನೆ ಮುಗಿದ ಮೇಲೆ, ಅವನು ಬಟ್ಟೆ ಬದಲಿಸಿ ಮೈದಾನಕ್ಕೆ ಹೋದ. ಉಪ್ಪುಗಾಳಿಗೆ ಗಂಟುಗಳು ಬಿಗಿದುಕೊಂಡಿದ್ದವು, ಉಗುರಿನಿಂದ ಬಿಡಿಸಬೇಕಾಯಿತು. ಮೈದಾನದಲ್ಲಿ ಅವನಲ್ಲದೆ ಬೇರೆ ಯಾರೂ ಇರಲಿಲ್ಲ. ಮೇಲಿನ ರಸ್ತೆಯ ತಿರುವಿನಲ್ಲಿ ವ್ಯಾನು ನಿಂತಿತ್ತು. ಅಂದು ಆಟವಿರಲಿಲ್ಲ. ಇಳಿಜಾರಿನಲ್ಲಿ ಕುರಿಗಳೂ ಇರಲಿಲ್ಲ. ಟೋರ್ಮೊಡ್ ಒಂದು ಸಲ ಅತ್ತ ಕೈಯೆತ್ತಿದ. ವ್ಯಾನಿನಿಂದ ಯಾರೂ ಇಳಿಯಲಿಲ್ಲ. ಅವನು ಎರಡನೆಯ ಬಲೆಯ ಕಡೆಯ ಗಂಟು ಬಿಚ್ಚಿ, ಮರಳು ಕೊಡವಿ, ಸುತ್ತಿ ಹೆಗಲಿಗೇರಿಸಿದ ಮೇಲೆಯೇ ವ್ಯಾನಿನ ಎಂಜಿನ್ನು ಸದ್ದು ಮಾಡಿತು.