ತೊಟ್ಟಿಲು ಕಟ್ಟಿದ ಫಟಫಟಿ

ಬೆಳಿಗ್ಗೆ ಎಂಟು ಗಂಟೆ. ಆಗೆಲ್ಲ ಕುಷ್ಟಗಿಯ ನಮ್ಮ ಓಣಿಗೆ ಸಾಲಿಯ ಗಂಟೆಯೇ ಗಡಿಯಾರ. ಅದು ಬಾರಿಸುತ್ತಿದ್ದ ಹೊತ್ತಿಗೇ ಹುಚ್ಚುನಾಯಿಯೊಂದು ನನ್ನ ತಮ್ಮ ಶರಣನ ಕುತ್ತಿಗೆಗೆ ಬಾಯಿ ಹಾಕಿತು. ಅಪ್ಪನ ತಮ್ಮ ಬಸವಂತ ಕಾಕಾ ಓಡಿಬಂದು ಎರಡೂ ಕೈಯಿಂದ ಅದರ ದವಡೆ ಅಗಲಿಸಿ ಬಿಡಿಸಿದ. ನಾಯಿಯ ಜೊಲ್ಲು ಅವನ ಮುಂಗೈ ಮೇಲೆ ಇಳಿದದ್ದು ಇಂದಿಗೂ ಕಣ್ಣಮುಂದೆ ಬರುತ್ತದೆ.

ಯುದ್ಧದ ಕಾಲವದು. ಪೆಟ್ರೋಲಿಲ್ಲದೆ ಸರ್ವಿಸ್ ಮೋಟಾರು ನಿಂತಿತ್ತು. ಕೊಪ್ಪಳದ ರೈಲು ಸಿಪಾಯಿಗಳನ್ನು ತುಂಬಿಕೊಂಡು ಯಾವಾಗ ಬಂದೀತೋ ಹೇಳುವಂತಿರಲಿಲ್ಲ. ಹುಚ್ಚುನಾಯಿಯ ಸೂಜಿ ಸಿಗುತ್ತಿದ್ದದ್ದು ಹುಬ್ಬಳ್ಳಿಯಲ್ಲಿ.

"ಕುತ್ತಿಗಿಗೆ ಕಚ್ಚಿದ್ದು ಲಗೂನ ತಲಿಗೆ ಏರತೈತಿ ವೈನಿ. ಇವತ್ತ ಹುಬ್ಬಳ್ಳಿ ಮುಟ್ಟಬೇಕು," ಎಂದು ಕಾಕಾ ಅವ್ವನಿಗೆ ಹೇಳಿ ಹತ್ತಿ ಗಿರಣಿಗೆ ಓಡಿದ. ಅವನ ಹಿಂದೆ ನಾನು, ನನ್ನ ಹಿಂದೆ ಶರಣನನ್ನು ಎತ್ತಿಕೊಂಡ ಅವ್ವ.

ಗಿರಣಿಯಲ್ಲಿ ಎರಡು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಇದ್ದವು. ಬೇಕಾದದ್ದು ಒಯ್ಯಿರಿ ಎಂದರು ಮಾಲಕರು. ಒಂದು ಹೊಸದು, ಓಟಕ್ಕೆ ಹೆಸರಾದದ್ದು. ಇನ್ನೊಂದು ಮುದಿಯಾದದ್ದು. ಅದರ ಮಗ್ಗುಲಿಗೆ ಒಂಟಿ ಗಾಲಿಯ ಮೇಲೆ ಜನ ಕೂರುವ ಡಬ್ಬಿ ಇತ್ತು. ಊರವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು.

"ಇದು ಕುದ್ರಿ, ಅದು ಎಮ್ಮಿ," ಎಂದ ಮೇಸ್ತ್ರಿ ಹುಸೇನಸಾಬ, ಕಾಕಾನ ಗೆಳೆಯ. "ಎಮ್ಮಿ ಮ್ಯಾಲೆ ಹುಬ್ಬಳ್ಳಿಗೆ ಹೊಂಟೀಯೇನಲೇ?"

"ಎಮ್ಮಿನ ಕೊಡೋ. ಕುದ್ರಿ ಮ್ಯಾಲೆ ಕೂಸಿನ್ನ ಎಲ್ಲಿ ಮಲಗಸ್ಲಿ?"

ಇಬ್ಬರೂ ಗಾಲಿಗೆ ತೇಪೆ ಹಾಕಿದರು. ಗಿರಣಿಯಲ್ಲಿ ಉಳಿದಿದ್ದ ಪೆಟ್ರೋಲನ್ನು ಧೋತರದಲ್ಲಿ ಸೋಸಿದರು. ತೊಟ್ಟಿಲಿಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಕಿದರು. ಸರಪಳಿಗೆ ಹಚ್ಚಲು ಬೇರೇನೂ ಸಿಗದೆ ಕಾಕಾ ಎತ್ತಿನ ಬಂಡಿಯ ಕೀಲೆಣ್ಣೆ ತಂದ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಜಿಗುಟು ವಾಸನೆ ಅಂಗಳವೆಲ್ಲ ತುಂಬಿತು.

"ಕೈಗೆ ರಕ್ತ ಬಂದೈತೆಲ್ಲೋ ಬಸಣ್ಣ!" ಎಂದಳು ಅವ್ವ.

"ನಾಯಿ ಹಲ್ಲು ತರಚೇತಿ ಅಷ್ಟ. ಕೀಲೆಣ್ಣಿ ಮೆತ್ತೀನಿ ಬಿಡ್ರಿ. ಎತ್ತಿನ ಗಾಯ ಮಾಯತೈತಿ, ನಂದು ಮಾಯೂದಿಲ್ಲೇನು?"

ಅವ್ವನೂ ಒಪ್ಪಿದಳು. ನಮ್ಮಲ್ಲಿ ಎಲ್ಲ ಗಾಯಕ್ಕೂ ಅದೇ ಔಷಧ.

ತೊಟ್ಟಿಲು ಹಗುರಾದರೆ ತಿರುವಿನಲ್ಲಿ ಏಳುತ್ತದೆಂದು ಹುಸೇನಸಾಬ ಜೋಳದ ಚೀಲ ತಂದ. ಹೆದರಿದ ಶರಣ ನನ್ನ ಪರಕಾರದ ನೆರಿಗೆ ಬಿಡಲೊಲ್ಲ. "ಚೀಲ ಯಾಕ, ಇಕಿನ್ನ ಹಾಕ್ರಿ. ರೊಟ್ಟಿ ತಿಂದದ್ದು ಇವತ್ತರ ಉಪಯೋಗಕ್ಕ ಬರ್ಲಿ," ಎಂದು ಕಾಕಾ ನನ್ನನ್ನು ಎತ್ತಿ ಕೂರಿಸಿದ. ಆ ದಿನ ನಾವು ನಕ್ಕದ್ದು ಅದೊಂದೇ ಸಲ.

ಅವ್ವನನ್ನು ಊರಲ್ಲೇ ಬಿಟ್ಟು ಮೂವರೂ ಹೊರಟೆವು. ಯಲಬುರ್ಗಾ ದಾಟಿದ ಮೇಲೆ ಒಂದು ಹಳ್ಳದ ತಿರುವಿನಲ್ಲಿ ನಮ್ಮ ಗಾಲಿ ನೆಲ ಬಿಟ್ಟಿತು. ನನಗೆ ಬರೀ ಆಕಾಶ ಕಂಡಿತು. ಕಾಕಾ ಮೈಯೆಲ್ಲ ನಮ್ಮ ಕಡೆಗೆ ವಾಲಿಸಿ, ಆ ಕರಿ ಕೈಯಿಂದ ತೊಟ್ಟಿಲಿನ ಅಂಚನ್ನು ಅದುಮಿ ನೆಲಕ್ಕಿಳಿಸಿದ. ಈಗಲೂ ಕನಸಿನಲ್ಲಿ ಆ ಗಾಲಿ ಏಳುತ್ತದೆ. ಇಳಿಯುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹುಬ್ಬಳ್ಳಿಯ ದವಾಖಾನೆ ಮುಟ್ಟಿದೆವು. ಡಾಕ್ಟರು ಶರಣನ ಹೊಟ್ಟೆಗೆ ಮೊದಲ ಸೂಜಿ ಚುಚ್ಚಿ, "ಬ್ಯಾರೆ ಯಾರಿಗರ ಕಚ್ಚೇತೇನ್ರೀ?" ಎಂದು ಕೇಳಿದರು.

"ಇಲ್ರಿ ಸಾಹೇಬ್ರ, ಇವನೊಬ್ಬಗ," ಎಂದ ಕಾಕಾ, ಮಸಿ ಹಿಡಿದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ. ಅವನ ಲೆಕ್ಕದಲ್ಲಿ ತರಚಿದ್ದು ಕಚ್ಚಿದ್ದಲ್ಲ. ಉಳಿದ ಸೂಜಿಗಳು ಮುಗಿಯುವ ತನಕ ನಮ್ಮಿಬ್ಬರನ್ನು ಅಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟು ಊರಿಗೆ ಮರಳಿದ.

ನಾವು ಊರಿಗೆ ಬಂದ ಮೇಲೂ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹುಚ್ಚು ಏರಿದವರಿಗೆ ನೀರು ಇಳಿಯದೆಂದು ಅವ್ವ ರಾತ್ರಿ ಎದ್ದೆದ್ದು ಶರಣನ ಬಾಯಿಗೆ ನೀರು ಹಿಡಿಯುವಳು. ಅವನು ಕುಡಿದರೆ ಕೈ ಮುಗಿಯುವಳು. ನಾವೆಲ್ಲ ಅವನನ್ನೇ ಕಾದೆವು.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಕಾಕಾ ನೀರಿನ ತಂಬಿಗೆ ಎತ್ತಿದ. ಗಂಟಲು ಬಿಗಿಯಿತು. ತಂಬಿಗೆ ಉರುಳಿತು. ತನ್ನ ಕೈಯನ್ನೇ ಬಹಳ ಹೊತ್ತು ನೋಡಿಕೊಂಡು ಎದ್ದ.

"ವೈನಿ, ನನ್ನ ಒಳಗ ಹಾಕಿ ಚಿಲಕ ಹಾಕ್ರಿ. ಹುಡುಗ್ರನ್ನ ಈ ಕಡೆ ಬಿಡಬ್ಯಾಡ್ರಿ."

ಆ ಕೋಣೆಯೊಳಗಿನ ಸದ್ದು ಬರೆಯಲು ನನ್ನಿಂದಾಗದು.

ಮುಂದೆ ನಾನು ಧಾರವಾಡದಲ್ಲಿ ಕಾಲೇಜು ಓದಿದೆ. ತರಚಿದ ಗಾಯವೂ ಕಚ್ಚಿದ ಗಾಯವೇ ಎಂದು ಪುಸ್ತಕದಲ್ಲಿ ಓದಿದ ದಿನ ಊಟ ಸೇರಲಿಲ್ಲ. ಈಗ ಬಂಡಿಗಳಿಗೆ ರಬ್ಬರಿನ ಗಾಲಿ ಬಂದಿವೆ, ಕೀಲೆಣ್ಣೆಯ ವಾಸನೆ ಊರಲ್ಲೆಲ್ಲೂ ಇಲ್ಲ. ಕಾಕಾ ಮುಟ್ಟದ ವಯಸ್ಸನ್ನು ಶರಣ ದಾಟಿ ಎಷ್ಟೋ ಕಾಲವಾಯಿತು. ನನ್ನನ್ನು ಜೋಳದ ಚೀಲ ಎಂದು ಕಾಡಿಸುವವರು ಯಾರೂ ಉಳಿದಿಲ್ಲ.

ಕಾಕಾನನ್ನು ಮಣ್ಣು ಮಾಡಿ ಬಂದೆವು. ನಾವು ಕಾಯುತ್ತಿದ್ದ ಸಾವು ಬಂದು ಹೋಗಿತ್ತು. ಅಂದು ರಾತ್ರಿ ಅವ್ವ ನೀರು ಹಿಡಿಯಲು ಏಳಲಿಲ್ಲ. ನಾವೆಲ್ಲರೂ ಬೆಳಗಾಗುವ ತನಕ ನಿದ್ದೆ ಮಾಡಿದೆವು.