ಬಾಗಿಲು ಸರಿಯಾಗಿ ಕೂಡುವ ಗಾಡಿ

ಇದನ್ನು ಹೇಳುವುದನ್ನು ನಾನು ತುಂಬ ವರ್ಷ ಮುಂದಕ್ಕೆ ಹಾಕುತ್ತ ಬಂದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದೆ, ತೆಗೆಸಿಯೂ ಆಯಿತು. ಮಳೆಗಾಲ ಮುಗಿಯಲಿ ಎಂದೆ, ಎಷ್ಟೋ ಮಳೆಗಾಲ ಮುಗಿದವು. ಹೈಸ್ಕೂಲು ಮುಗಿಸಿದವನು ನಾನು. ಬರೆಯಲು ಬರುವುದಿಲ್ಲ ಎಂಬ ನೆಪವೂ ನಡೆಯುವುದಿಲ್ಲ.

ರೋಣದಲ್ಲಿ ನನ್ನದು ಪೆಂಡಾಲು, ಲೈಟು, ಸೌಂಡಿನ ದಂಧೆಯಾಗಿತ್ತು. ನನ್ನ ತಮ್ಮ ಹತ್ತಿ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್. ಅವನು ಹುಬ್ಬಳ್ಳಿಯ ಗುಜರಿಯಿಂದ ಪರದೇಶದ ಹಳೆಯ ರೇಸ್ ಕಾರೊಂದನ್ನು ತಂದಿದ್ದ. ಎರಡೇ ಬಾಗಿಲು, ಉದ್ದ ಮೂತಿ, ನೆಲಕ್ಕೆ ಅಂಟಿದಂಥ ಮೈ. ಓಣಿಯ ಜನ ಅದಕ್ಕೆ ಕಪ್ಪೆ ಗಾಡಿ ಎಂದು ಹೆಸರಿಟ್ಟರು. ತಮ್ಮ ಪಗಾರ ಬಂದಾಗಲೆಲ್ಲ ಅದಕ್ಕೆ ಏನಾದರೊಂದು ಸಾಮಾನು ತರುತ್ತಿದ್ದ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ ಇಡುತ್ತಿದ್ದ. ಆ ನಡುವೆ ಗೋವಾದಲ್ಲಿ ಹಡಗು ದುರಸ್ತಿಯ ಕೆಲಸ ಸಿಕ್ಕಿತು. ಹೋಗುವಾಗ ಗಾಡಿಗೆ ತಾಡಪತ್ರಿ ಹೊದಿಸಿ, ಕೀಲಿಕೈ ನನ್ನ ಕೈಗೆ ಕೊಟ್ಟ.

“ಅಣ್ಣಾ, ತಾಡಪತ್ರಿ ಹಾರದಂಗ ನೋಡ್ಕೊ. ಅಷ್ಟ ಸಾಕು.”

ಮದುವೆ ಹಂಗಾಮು ಬಂತು. ನರಗುಂದದ ಪೆಂಡಾಲಿನವನೊಬ್ಬ ಮದುಮಗನ ಮೆರವಣಿಗೆಗೆ ಟಾಪಿಲ್ಲದ ಗಾಡಿ ತಂದು ನನ್ನ ಗಿರಾಕಿಗಳನ್ನು ಎಳೆದುಕೊಂಡ. ನಾನು ತಮ್ಮನ ಗಾಡಿಯ ಟಾಪನ್ನು ಗ್ಯಾಸ್ ಕಟರ್ ಹಚ್ಚಿ ಕೊಯ್ಯಿಸಿದೆ. ಹಿಂದೆ ಎತ್ತರದ ಕುರ್ಚಿ, ಸುತ್ತ ಬಣ್ಣದ ಲೈಟು. ಟಾಪು ಹೋದರೆ ಇಡೀ ಮೈಯೇ ಬಲ ಕಳೆದುಕೊಳ್ಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಕೆಲವೇ ಮೆರವಣಿಗೆಗಳಲ್ಲಿ ಗಾಡಿ ನಡುವಿನಲ್ಲಿ ಬಾಗಿ, ಬಾಗಿಲುಗಳು ಕೂಡದಾದವು. ತಂತಿಯಿಂದ ಕಟ್ಟಿ, ಮೇಲೆ ಚೆಂಡುಹೂವಿನ ಸರ ಇಳಿಬಿಟ್ಟೆ. ಹಂಗಾಮು ಮುಗಿಯಿತು, ಗಾಡಿಯೂ ಮುಗಿಯಿತು.

ತಮ್ಮ ರಜೆಗೆ ಬಂದವನು ಅದನ್ನು ನೋಡಿ, “ಯಾರು ಕೊಯ್ಸಿದ್ರು?” ಎಂದಷ್ಟೇ ಕೇಳಿದ.

ನಾನು ಅವನ ಮುಖ ನೋಡದೆ ಹೇಳಿದೆ. “ನಿಮ್ಮ ವೈನಿ ಹಟ ಹಿಡಿದ್ಳಪಾ. ಸುಮ್ನ ನಿಂತದ್ದು ದುಡೀಲಿ ಅಂದ್ಳು.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಆ ಗಾಡಿಗೆ ಕೈ ಹಚ್ಚಬೇಡಿ ಎಂದು ನನ್ನ ಕೂಡ ಜಗಳಾಡಿದವಳು ನನ್ನ ಹೆಂಡತಿ. ಆದರೂ ಹೊರಗೆ ಬಂದು ಒಂದು ಮಾತು ಆಡಲಿಲ್ಲ. ತಮ್ಮ ಅಂದು ಊಟ ಮಾಡದೆ ಹೋದ. ಮುಂದೆ ಗೋವಾ ಬಿಟ್ಟು ಸವಡಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ. ನಮ್ಮ ಮನೆಯ ಕಾರ್ಯಗಳಿಗೆ ಬರುತ್ತಿದ್ದ, ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ. ಅತ್ತಿಗೆಯ ಕೈಯಿಂದ ನೀರೂ ಮುಟ್ಟಲಿಲ್ಲ.

ಈಚೆಗೆ ದಂಧೆಯ ಸಾಮಾನೆಲ್ಲ ಮಾರಿದಾಗ ನಿರ್ಧಾರ ಮಾಡಿದೆ. ಕೈಕಾಲು ಆಡುವುದರೊಳಗೆ ಅಂಥದೇ ಒಂದು ಹಳೆಯ ಗಾಡಿ ಹುಡುಕಿ, ತಮ್ಮನ ಮುಂದೆ ನಿಲ್ಲಿಸಿ, ನಿಜ ಹೇಳಬೇಕು. ಗಾಡಿ ನನ್ನ ಕೈಗೆಟುಕುವಂತಿರಬೇಕು, ದುರಸ್ತಿಗೆ ಯೋಗ್ಯವಾಗಿಯೂ ಇರಬೇಕು. ಹೆಂಡತಿಗೆ ಹೇಳಿದೆ.

“ಕಾರ್ ಕೊಟ್ರ ಮುಗೀತೇನ್ರಿ? ಖರೇ ಹೇಳ್ತೀರೋ ಇಲ್ಲೋ?”

“ಹೇಳ್ತೀನಿ.”

“ಹಂಗಾರ ನಾನೂ ಬರ್ತೀನಿ. ನಿಮ್ಮನ್ನ ಒಬ್ಬರನ್ನ ಬಿಟ್ರ ಹೂವಿನ ಸರ ನೋಡಿ ತಂದೀರಿ.”

ಅಬ್ಬಿಗೇರಿಯಲ್ಲಿ ಒಂದು ಇದೆ ಎಂದು ಕೇಳಿ ಹೋದೆವು. ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು, ಒಳಗೆ ಮೇಕೆ ಮರಿಗಳು ಮಲಗಿದ್ದವು. ಹೊರಗಿನಿಂದ ಚಂದವೇ. ಕಾಲಡಿಯ ಮ್ಯಾಟು ಎತ್ತಿದರೆ ತಗಡೇ ಇರಲಿಲ್ಲ, ಕೆಳಗಿನ ಎರೆಮಣ್ಣು ಕಾಣಿಸಿತು. ನಮ್ಮ ಎರೆಮಣ್ಣು ಹಸಿ ಹಿಡಿದರೆ ಬಿಡುವುದಿಲ್ಲ. ಅದರ ಮೇಲೆ ವರ್ಷಗಟ್ಟಲೆ ನಿಂತ ಗಾಡಿಯನ್ನು ಅದು ಕೆಳಗಿನಿಂದ ತಿಂದು ಮುಗಿಸುತ್ತದೆ.

ನರಗುಂದದಲ್ಲಿ ನೋಡಿದ ಗಾಡಿ ಹೊಸ ಕೆಂಪು ಬಣ್ಣ ಬಳಿದುಕೊಂಡು ಹೊಳೆಯುತ್ತಿತ್ತು. ನಾನು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಅರಿವೆಯಲ್ಲಿ ಸುತ್ತಿ ಒಯ್ದಿದ್ದೆ. ಬಾಗಿಲ ಕೆಳಗೆ ಹಿಡಿದರೆ ಹಿಡಿಯಲಿಲ್ಲ, ಚಕ್ರದ ಮೇಲಿನ ಮೈಗೂ ಹಿಡಿಯಲಿಲ್ಲ. ಬಣ್ಣದಡಿ ತಗಡೇ ಇರಲಿಲ್ಲ.

“ಯಜಮಾನ್ರ, ಕಾರ್ ತಗೊಳ್ಳಾಕ ಬಂದೀರೋ, ಮಾಟ ಮಾಡಾಕ ಬಂದೀರೋ?” ಎಂದ ಮಾಲೀಕ.

“ಕಾರ್ ಎಲ್ಲೈತ್ರಿ ಇಲ್ಲಿ? ಪುಟ್ಟಿ ಮೆತ್ತಿದ ಗ್ವಾಡಿ ಐತಿ” ಎಂದಳು ನನ್ನ ಹೆಂಡತಿ.

ಬಸ್ಸಿನಲ್ಲಿ ನಾನು ಅಯಸ್ಕಾಂತವನ್ನು ಮತ್ತೆ ಅರಿವೆಯಲ್ಲಿ ಸುತ್ತಿಟ್ಟೆ. ಅವಳು ಶೇಂಗಾ ಸುಲಿಯುತ್ತ, “ಇನ್ನೂ ಊರು ಮುಗಿದಿಲ್ಲಲ್ರಿ” ಎಂದಳು.

ಗಜೇಂದ್ರಗಡದಲ್ಲಿ ಸಿಕ್ಕಿತು. ಗುಡ್ಡದ ಬುಡದಲ್ಲಿ ಮಗ್ಗದ ಮನೆಯೊಂದರ ಹಿಂದೆ, ಬಂಡೆಗಲ್ಲಿನ ನೆಲದ ಮೇಲೆ, ನಾಲ್ಕೂ ಕಡೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಮಳೆಯ ನೀರು ನಿಲ್ಲದ ಜಾಗ. ಬಣ್ಣ ಪೂರ್ತಿ ಮಾಸಿತ್ತು, ಸೀಟುಗಳನ್ನು ಇಲಿಗಳು ತಿಂದಿದ್ದವು. ನಾನು ಗಾಡಿಯ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಕುಟ್ಟಿದೆ. ಎಲ್ಲ ಕಡೆ ಗಟ್ಟಿ ಸದ್ದು. ಎದ್ದು ಬಾಗಿಲು ತೆಗೆದು ಕೈ ಬಿಟ್ಟೆ. ತಾನಾಗಿ ಹೋಗಿ ಚೌಕಟ್ಟಿನಲ್ಲಿ ಕೂತಿತು.

ಮಾಲೀಕರು ಲಾರಿ ವ್ಯಾಪಾರ ಮಾಡಿ ಬಿಟ್ಟಿದ್ದ ಹಿರಿಯ ಮುಸ್ಲಿಮರೊಬ್ಬರು. “ಇಂಜನ್ ಜಾಮ್ ಆಗೇತ್ರಿ. ಮದಲ ಹೇಳ್ತೀನಿ, ಆಮ್ಯಾಲ ಬೈಬ್ಯಾಡ್ರಿ.”

“ಇಂಜನ್ ನನ್ನ ತಮ್ಮ ನೋಡ್ಕೋತಾನ್ರಿ. ಮೈ ಗಟ್ಟಿ ಐತಲ್ಲ, ಸಾಕು.”

ನಾನು ಹಾಗೆ ಹೊಗಳಿದ್ದಕ್ಕೆ ಹೆಂಡತಿ ನನ್ನ ಕಡೆ ಕೆಕ್ಕರಿಸಿ ನೋಡಿ, ಚೌಕಾಸಿಗೆ ತಾನೇ ನಿಂತಳು. “ಭಾಯಾರ, ಇದನ್ನ ಎಳಕೊಂಡ ಹೋಗೋ ಟ್ರ್ಯಾಕ್ಟರ್ ಬಾಡಿಗಿನೂ ನೀವ ಕೊಡಬೇಕಾಗ್ತೈತಿ ನೋಡ್ರಿ.”

“ಅಕ್ಕಾರ, ಹಂಗಂದ್ರ ಅದರ ಹಿಂದ ನಾನೂ ದೂಡಕೋಂತ ಬರ್ಲೇನ್ರಿ?” ಎಂದು ಅವರು ನಕ್ಕರು. ನಮಗೆ ಆಗುವ ರೇಟಿಗೇ ಬಂದು ನಿಂತರು.

ಗಾಡಿ ರೋಣಕ್ಕೆ ಬಂದ ಮರುದಿನ ಸವಡಿಗೆ ಹೋಗಿ ತಮ್ಮನನ್ನು ಕರೆತಂದೆ. ಅವನು ಸುತ್ತು ಹಾಕಿದ. ಬಾಗಿಲು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಈಗ ಹೇಳದಿದ್ದರೆ ಮತ್ತೆ ಹೇಳಲಾರೆ ಎನಿಸಿತು.

“ಇದು ನಿನಗ. ಅವತ್ತ ನಿಮ್ಮ ವೈನಿ ಬ್ಯಾಡ ಅಂದಿದ್ಳು. ಕೊಯ್ಸಿದಾಂವ ನಾನು, ಸುಳ್ಳ ಹೇಳಿದಾಂವನೂ ನಾನು. ತಪ್ಪಾತು.”

ಅವನು ಗಾಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತ. “ಗಾಡಿ ಹೋದ್ರ ಇನ್ನೊಂದು ಬರ್ತಿತ್ತೋ ಅಣ್ಣಾ. ಇಷ್ಟು ವರ್ಷ ಆಕಿನ್ನ ನಾ ಹ್ಯಾಂಗ ನೋಡಿದ್ನಿ, ನಿನಗ ಗೊತ್ತಿತ್ತಲ್ಲ?” ಎಂದ. ಅವನು ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋದ.

“ವೈನಿ, ಚಾ ಮಾಡ್ರಿ.”

“ಸಕ್ರಿ ಎಷ್ಟಪಾ ನಿನಗ? ನನಗ ಮರತ ಹೋಗೇತಿ” ಎಂದಳು ಅವಳು.

ಒಳಗೆ ಅವರಿಬ್ಬರ ಮಾತು ಕೇಳುತ್ತಿತ್ತು. ನಾನೂ ಒಳಗೆ ಹೋಗಬೇಕಿತ್ತು. ಗಾಡಿಯ ಧೂಳು ಒರೆಸುತ್ತ ಹೊರಗೇ ನಿಂತೆ. ಈಗ ಸಂತೆಯ ದಿನ ತಮ್ಮ ಬರುತ್ತಾನೆ, ಇಂಜನ್ ಬಿಚ್ಚಿದ್ದಾನೆ, ಕೈ ತೊಳೆದು ಊಟಕ್ಕೆ ಕೂಡುತ್ತಾನೆ. ಅವನಿಗೆ ಹೇಳಿದ ‘ತಪ್ಪಾತು’ ಎಂಬ ಮಾತನ್ನು ಬಡಿಸುವವಳಿಗೆ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಅವಳಾಗಿ ಕೇಳುವವಳೂ ಅಲ್ಲ. ಅದಕ್ಕೇ ಇದನ್ನು ಬರೆದೆ, ಸಂಜೆ ಅವಳ ಮುಂದೆಯೇ ಓದುತ್ತೇನೆ. ಇಷ್ಟು ವರ್ಷ ನಾನು ಕ್ಷಮೆ ಕೇಳದೆ ಉಳಿದದ್ದು ನನ್ನ ಹೆಂಡತಿಯನ್ನು.